ತಿರುವಿನಲ್ಲಿ ಇಪ್ಪತ್ತನಾಲ್ಕು ಸೆಕೆಂಡು

ನಮ್ಮ ಅತ್ತಿಗೆ ಮೊದಲ ಸಲ ರೈಲು ಕಂಡದ್ದು ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅಣ್ಣನನ್ನು ಮದುವೆಯಾಗಿ ನಮ್ಮ ಮನೆಗೆ ಬಂದ ಮೂರನೆಯ ದಿನ. ಅವಳು ಹುಟ್ಟಿ ಬೆಳೆದ ಕಡೆಯಿಂದ ಯಾವ ದಿಕ್ಕಿಗೆ ಹೊರಟರೂ ಹಳಿ ಸಿಗಲು ಒಂದು ಹಗಲಿನ ಪ್ರಯಾಣ ಬೇಕಿತ್ತು. ನಮ್ಮ ಮನೆಯೋ, ಹಿತ್ತಿಲ ಗೋಡೆ ದಾಟಿದರೆ ಒಂದು ಕಾಲುದಾರಿ, ಒಂದು ಚರಂಡಿ, ಆಮೇಲೆ ಹಳಿ. ಒದ್ದೆ ಹೊದಿಕೆಯನ್ನು ತಂತಿಗೆ ಹಾಕುತ್ತಿದ್ದವಳು ರೈಲು ಬಂದಾಗ ಅದನ್ನು ಎದೆಗೆ ಅವಚಿಕೊಂಡು ನಿಂತುಬಿಟ್ಟಳು. ಹೆದರಿದಳೆಂದು ನಾನು ಓಡಿ ಹೋದೆ. ಮೈಯೆಲ್ಲ ಒದ್ದೆ, ಮುಖದಲ್ಲಿ ಹೆದರಿಕೆಯ ಸುಳಿವಿಲ್ಲ.

"ಹದಿನೇಳು ಡಬ್ಬಿ," ಅಂದಳು. "ಕೊನೇದಕ್ಕೆ ಮಾತ್ರ ಕಿಟಕಿ ಇರ್ಲಿಲ್ಲ. ಯಾಕೆ?"

ಅದೇ ಮನೆಯಲ್ಲಿ ಹುಟ್ಟಿ ಹತ್ತೊಂಬತ್ತು ವರ್ಷ ಕಳೆದಿದ್ದ ನನಗೆ ಉತ್ತರ ಗೊತ್ತಿರಲಿಲ್ಲ. ಕೊನೆಯ ಡಬ್ಬಿಗೆ ಕಿಟಕಿ ಇಲ್ಲ ಎಂಬುದೂ ಗೊತ್ತಿರಲಿಲ್ಲ. ನಮಗೆ ರೈಲೆಂದರೆ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ಹೋದ ಮೇಲೆ ಮುಂದುವರಿಸುವ ಒಂದು ಅಭ್ಯಾಸ, ಅಷ್ಟೆ.

ಮನೆಗೆ ಬಂದ ಎರಡನೆಯ ತಿಂಗಳಿಗೆ ಅತ್ತಿಗೆ ಕೆಲಸಕ್ಕೆ ಸೇರಿದಳು. ನಮ್ಮ ಬೀದಿಯ ತುದಿಯಲ್ಲೇ ಒಂದು ದೊಡ್ಡ ಲಾಂಡ್ರಿ. ಹಳಿಯ ಆಚೆಗಿದ್ದ ಆಸ್ಪತ್ರೆಯ ಹಾಸಿಗೆ ಬಟ್ಟೆಗಳೆಲ್ಲ ಒಗೆತಕ್ಕೆ ಬರುತ್ತಿದ್ದದ್ದು ಅಲ್ಲಿಗೇ. ಅಲ್ಲಿನ ಇಸ್ತ್ರಿ ಯಂತ್ರಕ್ಕೆ ಮಂಚದಷ್ಟು ಅಗಲದ ಮುಚ್ಚಳ. ಹಾಸುಬಟ್ಟೆಯನ್ನು ಹರವಿ, ಸುಕ್ಕು ಬಿಡಿಸಿ, ಮುಚ್ಚಳ ಇಳಿಸಿ, ಹನ್ನೆರಡು ಸೆಕೆಂಡು ಒತ್ತಿ ಹಿಡಿದು, ಎತ್ತಬೇಕು. ಹತ್ತಕ್ಕೆ ಎತ್ತಿದರೆ ಸುಕ್ಕು ಉಳಿಯುತ್ತದೆ, ಹದಿನೈದಾದರೆ ಬಟ್ಟೆ ಕಂದುತ್ತದೆ. ಗೋಡೆಯ ಮೇಲೆ ಗಡಿಯಾರವಿತ್ತು. ಅತ್ತಿಗೆ ಒಂದು ವರ್ಷದೊಳಗೆ ಅದನ್ನು ನೋಡುವುದು ಬಿಟ್ಟಳು. ಹನ್ನೆರಡು ಸೆಕೆಂಡು ಅವಳ ಮೈಗೇ ಹತ್ತಿಬಿಟ್ಟಿತ್ತು. ಹಾಲು ಉಕ್ಕುವುದಕ್ಕೆ ಎಷ್ಟು ಹೊತ್ತು ಎಂದು ಕೇಳಿದರೆ "ಇನ್ನು ಮೂರು ಒತ್ತು" ಎನ್ನುತ್ತಿದ್ದಳು. ಅಣ್ಣ ನಗುತ್ತಿದ್ದ. ಆದರೆ ಹಾಲು ಮಾತ್ರ ಮೂರನೆಯ ಒತ್ತಿಗೇ ಉಕ್ಕುತ್ತಿತ್ತು.

ಅವಳ ಯಂತ್ರದ ಹಿಂದೆ ಒಂದು ಕಿಟಕಿ, ಕಿಟಕಿಯಾಚೆ ಹಳಿಯ ತಿರುವು. ಆ ಜಾಗಕ್ಕೆ ಉಳಿದವರು ಯಾರೂ ಆಸೆಪಟ್ಟವರಲ್ಲ, ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಅತ್ತಿಗೆ ಕೇಳಿ ಪಡೆದುಕೊಂಡಳು.

ಇಷ್ಟಾದರೂ ಅದು ಬರೀ ಅವಳೊಬ್ಬಳ ಹುಚ್ಚಾಗಿಯೇ ಉಳಿಯುತ್ತಿತ್ತೇನೋ, ನಮ್ಮ ಅಮ್ಮ ಬೀಳದೇ ಇದ್ದಿದ್ದರೆ.

ಅಮ್ಮ ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ನಿಂತೇ ದುಡಿದವಳು. ನಿವೃತ್ತಳಾದ ಮರುವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಮೂಳೆ ಕೂಡಿಕೊಂಡಿತು, ನಡಿಗೆ ಕೂಡಿಬರಲಿಲ್ಲ. ಆಸ್ಪತ್ರೆಯವರು ಗಾಲಿಕುರ್ಚಿ ಕೊಟ್ಟು ಕಳಿಸಿದರು. ಅಮ್ಮ ಅದರಲ್ಲಿ ಕೂತು ಮನೆಯೊಳಗೆ ಓಡಾಡಿದಳೇ ಹೊರತು ಹೊಸ್ತಿಲು ದಾಟಲು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಎಂಟು ತಿಂಗಳು. "ಇಡೀ ಬೀದಿ ನನ್ನನ್ನ ಮೆರವಣಿಗೆ ನೋಡಿದ ಹಾಗೆ ನೋಡೋದು ಬೇಡ" ಎನ್ನುತ್ತಿದ್ದಳು. ನಾನು ಶಾಲೆಯಲ್ಲಿ ಪಾಠ ಹೇಳುವವಳು. ನನಗೆ ಗೊತ್ತಿದ್ದ ಬುದ್ಧಿಮಾತನ್ನೆಲ್ಲ ಹೇಳಿದೆ. ಅಣ್ಣ ಬಸ್ಸು ಓಡಿಸುವವನು. ಅವನು ದನಿ ಏರಿಸಿದ. ಅಮ್ಮ ಎರಡನ್ನೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಅತ್ತಿಗೆ ಬುದ್ಧಿ ಹೇಳುವ ಗೋಜಿಗೇ ಹೋಗಲಿಲ್ಲ.

"ಅತ್ತೆ, ನಂಗೊಂದು ಸಹಾಯ ಬೇಕು," ಅಂದಳು. "ಹತ್ತೂವರೆ ಗೂಡ್ಸ್ ಗಾಡಿಗೆ ಎಷ್ಟು ಡಬ್ಬಿ ಅಂತ ನಾನು ಒಬ್ಳೇ ಎಣಿಸಿದ್ರೆ ತಪ್ಪುತ್ತೆ. ಮುಂದಿಂದ ನಾನು ಎಣಿಸ್ತೀನಿ, ಹಿಂದಿಂದ ನೀವು ಎಣಿಸಿ."

"ಹಿಂದಿಂದ ಹೇಗೆ ಎಣಿಸೋದು? ಓಡೋ ಗಾಡಿ ಅದು."

"ತಿರುವಲ್ಲಿ ನಿಂತ್ರೆ ಎರಡು ತುದೀನೂ ಒಟ್ಟಿಗೆ ಕಾಣುತ್ತೆ. ಬಂದು ನೋಡಿ."

ಅಮ್ಮನಿಗೆ ಲೆಕ್ಕ ತಪ್ಪುವುದೆಂದರೆ ಸುತರಾಂ ಆಗದು. ಗುಂಡಿಗಳನ್ನು ನೂರರ ಗುಡ್ಡೆ ಮಾಡಿ ಮಾಡಿ ಕೈ ಪಳಗಿತ್ತು. ಮುಖ ಗಂಟು ಹಾಕಿಕೊಂಡೇ ಹೊರಟಳು. ಲಾಂಡ್ರಿಯ ಹಿಂದೆ, ತಿರುವಿನ ಒಳಬದಿಯಲ್ಲಿ ಒಂದು ಸಿಮೆಂಟ್ ಕಟ್ಟೆ. ಅಲ್ಲಿಂದ ಗಾಡಿ ಬಿಲ್ಲಿನಂತೆ ಬಾಗಿ ಬರುವುದು ಕಾಣಿಸುತ್ತಿತ್ತು. ಎಂಜಿನ್ ಚಾಲಕನ ಮುಖ ಕಾಣುವ ಹೊತ್ತಿಗೆ ಕೊನೆಯ ಡಬ್ಬಿಯ ಕೆಂಪು ಗುರುತೂ ಕಾಣಬೇಕು, ಅಂಥ ಜಾಗ. ಅಂದು ಅತ್ತಿಗೆಗೆ ನಲವತ್ತೊಂದು ಬಂತು, ಅಮ್ಮನಿಗೆ ನಲವತ್ತೆರಡು.

"ನೀನು ಎಂಜಿನ್ ಬಿಟ್ಟಿದ್ದೀಯ," ಅಂದಳು ಅಮ್ಮ.

"ಎಂಜಿನ್ ಡಬ್ಬಿ ಅಲ್ಲ ಅತ್ತೆ."

"ಚಕ್ರ ಇದೆ, ಹಳಿ ಮೇಲೆ ಹೋಗುತ್ತೆ. ಇನ್ನೇನು ಬೇಕು ಅದಕ್ಕೆ?"

ಈ ಜಗಳ ಒಂಬತ್ತು ವರ್ಷ ನಡೆಯಿತು. ಒಂಬತ್ತು ವರ್ಷವೂ ಪ್ರತಿ ಭಾನುವಾರ ಅವರಿಬ್ಬರೂ ಹೋದರು.

ಅತ್ತಿಗೆ ಜಾಗ ಹುಡುಕುತ್ತಿದ್ದ ರೀತಿಯೇ ಬೇರೆ. ವಾರದ ನಡುವೆ ಕೆಲಸ ಮುಗಿಸಿ ಒಬ್ಬಳೇ ಹೋಗಿ ದಾರಿ ನೋಡಿ ಬರುತ್ತಿದ್ದಳು. ಗಾಲಿ ಹೂತುಹೋಗುವ ಮರಳಿದೆಯೇ, ಎಷ್ಟು ಹೊತ್ತಿಗೆ ನೆರಳು ಬರುತ್ತದೆ, ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಬೇಲಿ ಅಡ್ಡ ಬರುತ್ತದೆಯೇ ಎಂದು ತಾನೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ನಿಂತವರಿಗೆ ಚೆನ್ನಾಗಿ ಕಾಣುವ ಎಷ್ಟೋ ಜಾಗ ಕೂತವರಿಗೆ ಪ್ರಯೋಜನವಿಲ್ಲ ಎಂದು ನನಗೆ ಹೇಳಿದವಳು ಅವಳೇ. ಸೇತುವೆಯ ಮೇಲೆ ಸೈಕಲ್ ತಳ್ಳಲು ಮಾಡಿದ್ದ ಇಳಿಜಾರಿನ ನಡುಮಧ್ಯೆ ಒಂದು ಸಮತಟ್ಟು ಸಿಕ್ಕಿತು. ಅಲ್ಲಿ ಕೂತರೆ ಗಾಡಿ ಕಾಲಡಿಯೇ ಹಾದು ಹೋಗಿ, ಗಾಳಿ ಸೀರೆಯ ಅಂಚನ್ನು ಎತ್ತಿ ಬಿಡುತ್ತಿತ್ತು. ಅಮ್ಮನಿಗೆ ಅದು ಹಿಡಿಸಲಿಲ್ಲ, ಮರ್ಯಾದೆಗೆಟ್ಟ ಜಾಗ ಎಂದು ಒಂದೇ ಸಲಕ್ಕೆ ತಳ್ಳಿಹಾಕಿದಳು.

ಅಮ್ಮನಿಗೆ ಮೆಚ್ಚಿಗೆಯಾದದ್ದು ಮರದ ಅಂಗಡಿಯ ಹಿತ್ತಲು. ಹಲಗೆ, ತೊಲೆಗಳನ್ನು ಒಟ್ಟಿದ್ದ ಆ ಜಾಗದ ಎದುರಿಗೆ, ಗಾಡಿಗಳು ಒಂದನ್ನೊಂದು ದಾಟಲೆಂದು ಹಳಿ ಸ್ವಲ್ಪ ದೂರ ಎರಡಾಗಿತ್ತು, ಅಲ್ಲೊಂದು ಸಿಗ್ನಲ್ ಕಂಬವಿತ್ತು. ಮುಂದಿನ ಹಳಿ ಖಾಲಿಯಿಲ್ಲದಾಗ ಗಾಡಿಗಳು ಅಲ್ಲಿ ಬಂದು ನಿಲ್ಲುತ್ತಿದ್ದವು. "ಓಡೋ ಗಾಡಿ ನಿಂಗೆ, ನಿಂತ ಗಾಡಿ ನಂಗೆ" ಎಂದು ಅಮ್ಮ ಪಾಲು ಮಾಡಿಕೊಂಡಿದ್ದಳು. ನಿಂತ ಗಾಡಿಯ ಕಿಟಕಿಗಳಲ್ಲಿ ಜನ. ತಲೆ ಬಾಚಿಕೊಳ್ಳುವವರು, ಜಗಳವಾಡಿ ಮುಖ ತಿರುಗಿಸಿ ಕೂತ ಗಂಡ ಹೆಂಡಿರು, ಬಾಯಿ ತೆರೆದು ನಿದ್ದೆ ಹೋದವರು. ಒಂದು ಸಲ ಕಿಟಕಿಯಿಂದ ಒಬ್ಬ ಮುದುಕರು ತಲೆ ಹೊರಗೆ ಹಾಕಿ, "ಯಾಕಮ್ಮ ನಿಂತಿದೆ, ಏನಾದ್ರೂ ಕೆಟ್ಟಿದೆಯಾ?" ಎಂದು ಕೇಳಿದರು.

ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಏನೂ ಕೆಟ್ಟಿಲ್ಲ. ಎದುರಿಂದ ಗೂಡ್ಸ್ ಬರಬೇಕು. ಇನ್ನು ನಾಲ್ಕು ನಿಮಿಷ. ಅದು ದಾಟಿದ ಮೇಲೆ ನಿಮ್ಮದು ಹೊರಡುತ್ತೆ. ನೀವು ಆರಾಮಾಗಿ ಕೂತ್ಕೊಳ್ಳಿ."

ಗೂಡ್ಸ್ ನಾಲ್ಕು ನಿಮಿಷಕ್ಕೆ ಬಂತು. ದಾಟಿತು. ಹೊರಟ ಗಾಡಿಯಿಂದ ಆ ಮುದುಕರು ಅಮ್ಮನಿಗೆ ಕೈಯೆತ್ತಿ ಸಲಾಮು ಮಾಡಿದರು. ಆಕೆ ಯಾರೋ ರೈಲ್ವೆಯ ದೊಡ್ಡ ಅಧಿಕಾರಿಯ ತಾಯಿ ಇರಬೇಕೆಂದು ಅವರು ತಿಳಿದಿರಬಹುದು. ಆ ದಿನ ಮನೆಗೆ ಬಂದ ಅಮ್ಮ ಎರಡು ತುತ್ತು ಹೆಚ್ಚು ಉಂಡಳು. ನನಗೆ ಹೊಟ್ಟೆಕಿಚ್ಚಾದದ್ದು ನಿಜ. ಹೆತ್ತ ಮಗಳ ಜೊತೆ ಕೂತು ಅಷ್ಟು ಹೊತ್ತು ಮಾತಾಡಿದವಳಲ್ಲ ಅವಳು.

ಅಮ್ಮ ತೀರಿಹೋದದ್ದು ಒಂದು ಗುರುವಾರ ಮಧ್ಯಾಹ್ನ, ಊಟ ಮುಗಿಸಿ ಮಲಗಿದವಳು ಏಳಲಿಲ್ಲ. ಅತ್ತಿಗೆ ಐದು ಭಾನುವಾರ ಮನೆಯಲ್ಲೇ ಉಳಿದಳು. ಆರನೆಯದಕ್ಕೆ ನಾನೇ "ನಡಿ, ನಾನು ಬರ್ತೀನಿ" ಎಂದೆ. ಮರದ ಅಂಗಡಿಯ ಹಿತ್ತಿಲಲ್ಲಿ ತೊಲೆಯ ಮೇಲೆ ಕೂತೆವು. ಗಾಡಿ ಬಂದು ನಿಂತಿತು. ಏನು ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಅತ್ತಿಗೆ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಾ, "ಮೂರನೇದ್ರಲ್ಲಿ ನೋಡು, ಅಪ್ಪ ಮಗಳು. ಒಂದೇ ಮೂಗು" ಎಂದು ತೋರಿಸಿದಳು. ಆಮೇಲೆ ಸ್ವಲ್ಪ ಅತ್ತಳು. ಗಾಡಿ ಹೊರಟ ಮೇಲೆ ಕಣ್ಣೊರೆಸಿಕೊಂಡು ಎದ್ದಳು.

ಇದೆಲ್ಲ ಆಗಿ ಎರಡು ವರ್ಷಕ್ಕೆ ತಿರುವಿಗೆ ಗೋಡೆ ಬಂತು.

ದಾರಿಯುದ್ದಕ್ಕೂ ಎರಡನೆಯ ಹಳಿ ಹಾಕುವುದೆಂದು ನಿರ್ಧಾರವಾಗಿತ್ತು. ಗಾಡಿಗಳು ಹೆಚ್ಚಾಗುತ್ತವೆ, ಸದ್ದು ಹೆಚ್ಚಾಗುತ್ತದೆ ಎಂದು ನಮ್ಮ ಬೀದಿಯವರೆಲ್ಲ ಸಹಿ ಹಾಕಿ ತಡೆಗೋಡೆ ಕೇಳಿದ್ದರು. ಅಣ್ಣನೂ ಸಹಿ ಹಾಕಿದ್ದ, ನಾನೂ ಹಾಕಿದ್ದೆ. ಎರಡಾಳೆತ್ತರದ ಸಿಮೆಂಟ್ ಹಲಗೆಗಳು ಒಂದರ ಪಕ್ಕ ಒಂದು ನಿಂತವು. ಮನೆಯೊಳಗೆ ಮಾತು ಮೊದಲ ಸಲ ಅರ್ಧಕ್ಕೆ ನಿಲ್ಲದೆ ಮುಗಿಯಿತು. ಬೀದಿಯವರೆಲ್ಲ ಖುಷಿಯಾದರು. ಸಿಮೆಂಟ್ ಕಟ್ಟೆಯ ಎದುರು ಬರೀ ಬೂದು ಗೋಡೆ. ಅತ್ತಿಗೆ ಹೋಗಿ ನೋಡಿ ಬಂದಳು.

ನಾಲ್ಕನೆಯ ದಿನ ಅವಳು ನನ್ನ ಬಳಿ ಬಂದು, "ನೀನು ಅರ್ಜಿ ಬರೀತೀಯಲ್ಲ, ಒಂದು ಬರೆದುಕೊಡು" ಎಂದಳು.

ಲಾಂಡ್ರಿಯಿಂದ ಆಸ್ಪತ್ರೆಗೆ ಬಟ್ಟೆಯ ತಳ್ಳುಗಾಡಿಗಳು ಹೋಗುತ್ತಿದ್ದದ್ದು ಹಳಿಯನ್ನು ದಾಟುವ ಒಂದು ಕಾಲುದಾರಿಯಿಂದ. ಹಲಗೆ ಹಾಸಿದ ಜಾಗ, ಗೇಟಿಲ್ಲ, ಕಾವಲಿನವನಿಲ್ಲ. ಆ ಕಡೆ ಈ ಕಡೆ ನೋಡಿ ದಾಟಬೇಕು. ದಾದಿಯರು, ರೋಗಿಗಳನ್ನು ನೋಡಲು ಬಂದವರು, ಕುರ್ಚಿ ತಳ್ಳುವವರು, ಎಲ್ಲರಿಗೂ ಅದೇ ದಾರಿ.

"ತಿರುವಲ್ಲಿ ಗಾಡಿ ಕಾಣಿಸಿಕೊಂಡ ಮೇಲೆ ದಾರಿಗೆ ಬರೋಕೆ ಎರಡು ಒತ್ತು ಆಗ್ತಿತ್ತು," ಅಂದಳು ಅತ್ತಿಗೆ. "ಇಪ್ಪತ್ತನಾಲ್ಕು ಸೆಕೆಂಡು. ಈಗ ಗೋಡೆ ಅಡ್ಡ ಬಂದು ಒಂದು ಒತ್ತೂ ಇಲ್ಲ. ಒಂಬತ್ತು. ತುಂಬಿದ ತಳ್ಳುಗಾಡಿ ಆಚೆ ಸೇರೋಕೆ ಹದಿನಾಲ್ಕು ಬೇಕು. ನಾಲ್ಕು ದಿನ ನೋಡಿದೀನಿ."

ನಾನು ಕಾಗದ ತೆಗೆದುಕೊಂಡು ಕೂತೆ. ಅವಳ ಒತ್ತಿನ ಲೆಕ್ಕ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಲಾಂಡ್ರಿಯ ಮೇಲ್ವಿಚಾರಕರು ಅವತ್ತೇ ದಾರಿಯಲ್ಲಿ ಒಬ್ಬಳನ್ನು ಸೀಟಿ ಕೊಟ್ಟು ನಿಲ್ಲಿಸಿದರು. ಅಷ್ಟು ಒಳ್ಳೆಯದಾಯಿತು. ಅರ್ಜಿಗೆ ಉತ್ತರ ಬರಲು ಒಂದು ತಿಂಗಳು ಹಿಡಿಯಿತು. ನಕ್ಷೆಯ ಪ್ರಕಾರ ದಾರಿಯಿಂದ ತಿರುವು ನಾನೂರು ಮೀಟರು ಕಾಣುತ್ತದೆ, ಆತಂಕಕ್ಕೆ ಕಾರಣವಿಲ್ಲ ಎಂದಿತ್ತು. ಅತ್ತಿಗೆ ಅದನ್ನು ಎರಡು ಸಲ ಓದಿಸಿಕೊಂಡಳು. "ಬೇಜಾರು ಮಾಡ್ಕೋಬೇಡ. ಅವ್ರು ಸುಳ್ಳು ಹೇಳ್ತಿಲ್ಲ. ಎಲ್ಲೋ ಬೇರೆ ಕಡೆ ನಿಂತು ನೋಡಿದಾರೆ, ಅಷ್ಟೆ. ಇಲ್ಲಿಗೆ ಬಂದು ನೋಡಿ ಅಂತ ಬರಿ" ಎಂದಳು.

ಬೀದಿಯಲ್ಲಿ ಗುಸುಗುಸು ಶುರುವಾಯಿತು. ರೈಲು ನೋಡುವ ಚಟಕ್ಕೆ ಅಡ್ಡಿಯಾಯಿತೆಂದು ಎಲ್ಲರ ನಿದ್ದೆಗೆ ಕಲ್ಲು ಹಾಕುತ್ತಿದ್ದಾಳೆ ಎಂದರು. ಪಕ್ಕದ ಮನೆಯಾಕೆ ಅತ್ತಿಗೆಯನ್ನು ಕಂಡರೆ ಮೂಗು ಮುರಿಯತೊಡಗಿದಳು. ಅಣ್ಣನಿಗೂ ಇರುಸುಮುರುಸು. "ನಾನೇ ಸಹಿ ಹಾಕಿ, ಈಗ ನನ್ನ ಹೆಂಡ್ತಿನೇ ಬೇಡ ಅಂದ್ರೆ ಹೇಗೆ?" ಎಂದ.

"ನೀವು ಬಸ್ಸು ತಿರುಗಿಸುವಾಗ ಕನ್ನಡಿಗೆ ಯಾರೋ ಹಲಗೆ ಹೊಡೆದ್ರೆ ಸುಮ್ಮನಿರ್ತೀರಾ?" ಎಂದು ಕೇಳಿದಳು ಅತ್ತಿಗೆ. ಮಾರನೆಯ ದಿನದಿಂದ ಬೀದಿಯವರ ಜೊತೆ ವಾದ ಮಾಡುವ ಕೆಲಸ ಅಣ್ಣನದೇ ಆಯಿತು.

ಮೂರನೆಯ ಅರ್ಜಿಗೆ ಎಂಜಿನಿಯರು ಬಂದರು. ಇನ್ನೂ ಮೂವತ್ತು ದಾಟದ ಮನುಷ್ಯ, ಕಂಕುಳಲ್ಲಿ ನಕ್ಷೆಯ ಸುರುಳಿ, ಕುತ್ತಿಗೆಯಲ್ಲಿ ಸೆಕೆಂಡು ಅಳೆಯುವ ಗಡಿಯಾರ. ಒರಟರಲ್ಲ. ಆದರೆ ಬೇಗ ಮುಗಿಸಿ ಹೋಗುವ ಅವಸರವಿತ್ತು. ಹಳಿಯ ಪಕ್ಕ ಎರಡು ಹೆಜ್ಜೆ ದೂರದಲ್ಲಿ ನಿಂತು ಕುತ್ತಿಗೆ ಚಾಚಿ ತಿರುವಿನತ್ತ ಕೈ ತೋರಿಸಿದರು.

"ನೋಡಿ, ಇಲ್ಲಿಂದ ಆ ಕಂಬದವರೆಗೂ ಕಾಣುತ್ತೆ. ನಾನೂರು ಮೀಟರ್."

"ಕಾಣುತ್ತೆ ಸರ್," ಅಂದಳು ಅತ್ತಿಗೆ. "ಆದ್ರೆ ನಿಮ್ಮ ನಕ್ಷೇಲಿ ನಿಂತಿರೋನ ಕೈಲಿ ಗಾಡಿ ಇಲ್ಲ."

ಅವರಿಗೆ ಅರ್ಥವಾಗಲಿಲ್ಲ. ಅತ್ತಿಗೆ ತುಂಬಿದ ತಳ್ಳುಗಾಡಿಯೊಂದನ್ನು ತರಿಸಿ ಹಿಡಿಕೆಯನ್ನು ಅವರ ಕೈಗೆ ಕೊಟ್ಟಳು. ಗಾಡಿಯ ಮೂತಿ ಹಳಿಯಿಂದ ಎರಡು ಹೆಜ್ಜೆ ದೂರ ನಿಂತಾಗ ಅದರ ಹಿಂದಿದ್ದ ಎಂಜಿನಿಯರು ಐದು ಹೆಜ್ಜೆ ದೂರ ಉಳಿದರು. ಅಲ್ಲಿಂದ ನೋಡಿದರೆ ಗೋಡೆಯ ಅಂಚು ತಿರುವನ್ನೆಲ್ಲ ನುಂಗಿತ್ತು.

"ಒಂಬತ್ತು ವರ್ಷ ನಮ್ಮತ್ತೇನ ಕುರ್ಚೀಲಿ ಕೂರಿಸಿ ತಳ್ಳಿದೀನಿ ಸರ್. ತಳ್ಳೋರಿಗೆ ಕಾಣೋ ಮೊದ್ಲೇ ಕೂತೋರ ಕಾಲು ಹಳಿ ಮೇಲಿರುತ್ತೆ."

ಹನ್ನೊಂದು ಹತ್ತರ ಗಾಡಿಯ ಹೊತ್ತಾಗಿತ್ತು. ಎಂಜಿನಿಯರು ಕಾದರು. ಹಳಿ ಖಾಲಿ ಕಂಡಿತು, ಅಭ್ಯಾಸಬಲದಿಂದಲೋ ಏನೋ ಅವರ ಕೈ ಹಿಡಿಕೆಯನ್ನು ಮುಂದಕ್ಕೆ ಒತ್ತಿತು. ಅತ್ತಿಗೆ ಅದರ ಮೇಲೆ ತನ್ನ ಕೈಯನ್ನಿಟ್ಟು ಬಲವಾಗಿ ಹಿಡಿದಳು. ಇಸ್ತ್ರಿ ಮುಚ್ಚಳ ಎತ್ತಿಳಿಸಿ ಬಲಿತ ಕೈ ಅದು. ತಳ್ಳುಗಾಡಿ ಅಲುಗಲಿಲ್ಲ.

"ಈಗ ಬರುತ್ತೆ," ಅಂದಳು. "ಗಡಿಯಾರ ಒತ್ತಿ."

ಗೋಡೆಯ ಅಂಚಿನಿಂದ ಎಂಜಿನ್ನಿನ ಮೂತಿ ಹೊರಬಂತು. ಎಂಜಿನಿಯರು ಗುಂಡಿ ಒತ್ತಿದರು. ಗಾಡಿ ನಮ್ಮ ಮುಂದೆ ಧಡಧಡ ಹಾದುಹೋಗುವಾಗ ಮತ್ತೆ ಒತ್ತಿದರು. ಎಲ್ಲ ಡಬ್ಬಿಗಳೂ ಹೋದ ಮೇಲೂ ಅವರು ಗಡಿಯಾರವನ್ನೇ ನೋಡುತ್ತಿದ್ದರು. ಎಂಟು ಮುಕ್ಕಾಲು ಸೆಕೆಂಡು.

"ನೀವು ಒಂಬತ್ತು ಅಂತ ಬರೆದಿದ್ರಿ," ಅಂದರು ಮೆಲ್ಲಗೆ.

"ಇವತ್ತು ಸ್ವಲ್ಪ ತಡವಾಗಿದೆ, ಜೋರಾಗಿ ಓಡಿಸ್ತಿದಾನೆ."

ಅವರು ಆ ಸಂಖ್ಯೆಯನ್ನು ನಕ್ಷೆಯ ಅಂಚಿನಲ್ಲಿ ಬರೆದುಕೊಂಡರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಬೀದಿಯವರಲ್ಲಿ ಯಾರೋ ಅವರ ಕಿವಿಗೆ ಹಾಕಿದ್ದಿರಬೇಕು. "ನೀವು ಇಲ್ಲಿ ಕೂತು ರೈಲು ನೋಡ್ತೀರಂತೆ. ನಿಜ ಹೇಳಿ, ಗೋಡೆ ತೆಗೀಬೇಕು ಅಂತಿರೋದು ಜನರಿಗೋಸ್ಕರಾನಾ, ನಿಮಗೋಸ್ಕರಾನಾ?"

ನಾನು ಬಾಯಿ ಹಾಕಲು ಹೋದೆ. ಅತ್ತಿಗೆ ನನಗಿಂತ ಮುಂದಾದಳು.

"ಎರಡಕ್ಕೂ ಸರ್. ನಂಗೆ ಇದು ಎಲ್ಲಕ್ಕಿಂತ ಇಷ್ಟದ ಜಾಗ. ನಾನು ಇಲ್ಲಿ ಕೂತು ನೋಡ್ದೇ ಇದ್ದಿದ್ರೆ ಇಪ್ಪತ್ತನಾಲ್ಕು ಒಂಬತ್ತಾಗಿದ್ದು ಯಾರಿಗೆ ಗೊತ್ತಾಗ್ತಿತ್ತು?"

ಎಂಜಿನಿಯರು ನಕ್ಕುಬಿಟ್ಟರು. ನಕ್ಷೆಯ ಸುರುಳಿಯನ್ನು ತಳ್ಳುಗಾಡಿಯ ಬಟ್ಟೆಗಂಟಿನ ಮೇಲೆ ಹರವಿ, ಎಲ್ಲಿಂದ ಎಲ್ಲಿಯವರೆಗೆ ಎಂದು ಅವಳಿಂದಲೇ ಗೆರೆ ಹಾಕಿಸಿಕೊಂಡರು. ಅವತ್ತೇ ದಾರಿಗೆ ಇಬ್ಬರು ಕಾವಲಿನವರನ್ನು ಹಾಕಿಸಿದರು.

ಐದು ವಾರಕ್ಕೆ ಕೆಲಸ ಮುಗಿಯಿತು. ಗೋಡೆಯಲ್ಲಿ ಎಂಬತ್ತು ಮೀಟರು ಸಿಮೆಂಟ್ ತೆಗೆದು ದಪ್ಪನೆಯ, ಗಾಜಿನಂತೆ ಆಚೆಯದು ಕಾಣುವ ಹಲಗೆಗಳನ್ನು ಕೂಡಿಸಿದರು. ಸದ್ದು ನಿಂತೇ ಇತ್ತು, ತಿರುವು ತೆರೆಯಿತು. ದಾರಿಗೆ ಗಂಟೆ, ಕೆಂಪು ದೀಪ ಬಂದವು. ಪಕ್ಕದ ಮನೆಯಾಕೆ ಒಂದು ಸಂಜೆ ತಾನಾಗಿ ಬಂದು, "ನಮ್ಮ ಅಡುಗೆಮನೆಗೆ ಬೆಳಕು ಬಂತು ಕಣ್ರೀ" ಎಂದಳು. ಕ್ಷಮೆ ಕೇಳುವ ಅವಳ ರೀತಿ ಅದು. ಅತ್ತಿಗೆ ಅದನ್ನು ಹಾಗೆಯೇ ತೆಗೆದುಕೊಂಡಳು.

ಆಮೇಲೂ ಎಂಜಿನಿಯರು ಎರಡು ಸಲ ಬಂದರು. ಬೇರೆ ಕಡೆಯ ಇಂಥ ದಾರಿಗಳನ್ನು ನೋಡಿ ಹೇಳಲು ಅತ್ತಿಗೆಯನ್ನು ಕರೆದುಕೊಂಡು ಹೋದರು. ಅವಳು ಅಲ್ಲಿ ಮೊದಲು ಕುಕ್ಕರಗಾಲಲ್ಲಿ ಕೂರುವುದು ಕಂಡು ಅವರೂ ಪ್ಯಾಂಟು ಮೇಲೆಳೆದುಕೊಂಡು ಪಕ್ಕದಲ್ಲಿ ಕೂತರಂತೆ.

ಎರಡನೆಯ ಹಳಿ ಸಿದ್ಧವಾಗಿ ಮೊದಲ ಗಾಡಿ ಓಡುವ ದಿನ ನಿಲ್ದಾಣದಲ್ಲಿ ಸಣ್ಣ ಸಮಾರಂಭವಿತ್ತು. ಅತ್ತಿಗೆಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಮೀಸಲಿಟ್ಟು ಪತ್ರ ಕಳಿಸಿದ್ದರು. ಪತ್ರವನ್ನು ನನಗೆ ಕೊಟ್ಟು, "ನೀನು ಹೋಗಿ ಕೂತ್ಕೋ, ಚೆನ್ನಾಗಿ ಮಾತಾಡ್ತೀಯ" ಎಂದಳು.

"ನೀನು?"

"ನಿಲ್ದಾಣದಲ್ಲಿ ಗಾಡಿ ನಿಧಾನ ಆಗಿಬಿಡುತ್ತೆ. ಅದ್ರಲ್ಲಿ ಏನಿದೆ ನೋಡೋಕೆ?"

ನಾನೂ ನಿಲ್ದಾಣಕ್ಕೆ ಹೋಗಲಿಲ್ಲ. ಇಟ್ಟಿಗೆ ಗೂಡಿನ ಹಿಂದೆ, ಹೊಸ ಏರಿಯ ಕೆಳಗೆ ಅವಳು ಹಿಂದಿನ ವಾರವೇ ಒಂದು ಜಾಗ ಗುರುತು ಹಾಕಿಟ್ಟಿದ್ದಳು. ಅಣ್ಣ ಅಂದು ರಜೆ ಹಾಕಿ ಬಂದ. ಮೂವರೂ ಹುಲ್ಲಿನ ಮೇಲೆ ಕೂತೆವು. ಗಾಡಿ ಆಕಾಶಕ್ಕೆ ಅಂಟಿಕೊಂಡಂತೆ ನಮ್ಮ ತಲೆಯ ಮಟ್ಟಕ್ಕಿಂತ ಮೇಲೆ ಹಾದುಹೋಯಿತು. ಎಲ್ಲ ಚಕ್ರಗಳೂ ಕಂಡವು, ಚಕ್ರಗಳ ಸಂದಿಯಿಂದ ಆಚೆಯ ಮೋಡವೂ ಕಂಡಿತು. ಅಣ್ಣ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅತ್ತಿಗೆ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಳು.

"ಬೆಳಗ್ಗೆ ಇಲ್ಲಿ ಬಿಸಿಲು ಹೊಡೆಯುತ್ತೆ," ಅಂದಳು, ಏಳುತ್ತಾ. "ಇನ್ನೊಂದು ಸಲ ಸಂಜೆ ಬರೋಣ."